ಗುಂಡಿ ಮೇಸ್ತ್ರಿಯ ಹಗ್ಗ

ನಮ್ಮ ಬಡಾವಣೆಯ ಎರಡನೇ ಬಸ್ ನಿಲ್ದಾಣಕ್ಕೆ ಬೋರ್ಡಿನಲ್ಲಿ ಬೇರೆ ಏನೋ ಹೆಸರಿದೆ. ಅದನ್ನು ಯಾರೂ ಹೇಳುವುದಿಲ್ಲ. ಎಲ್ಲರೂ ಹೇಳುವುದು 'ಗುಂಡಿ ಮೇಸ್ತ್ರಿ ಸ್ಟಾಪ್' ಅಂತ. ಆ ಗುಂಡಿ ಮೇಸ್ತ್ರಿ ನನ್ನ ಗಂಡ. ಅವರು ಹೋಗಿ ಏಳು ತಿಂಗಳಾಯಿತು.

ನಮ್ಮ ಮಗಳು ಆ ಬಸ್ಸಿನಲ್ಲೇ ಕಂಡಕ್ಟರ್. ದಿನಕ್ಕೆ ಎಂಟು ಸಲ ಅಪ್ಪನ ಹೆಸರು ಕೂಗಬೇಕು. ಅಪ್ಪ ಹೋದ ಮೇಲೆ ಮೊದಲ ದಿನ ಕೆಲಸ ಮುಗಿಸಿ ಬಂದಾಗ ಕೇಳಿದೆ, "ಆ ಸ್ಟಾಪ್ ಬಂದಾಗ ಏನು ಮಾಡಿದೆ?"

"ಕೂಗಿದೆ," ಅಂದಳು. "ಜೋರಾಗೇ ಕೂಗಿದೆ. ಇಳಿಯೋರು ಇಬ್ಬರೇ ಇದ್ರು."

ಅಷ್ಟು ಹೇಳಿ ಮುಖ ತೊಳೆಯಲು ಹೋದಳು. ಬಹಳ ಹೊತ್ತು ತೊಳೆದಳು.

ಹೊಸದಾಗಿ ಬಂದವರಿಗೆ ಈ ಹೆಸರಿನ ಕತೆ ಗೊತ್ತಿಲ್ಲ. ರಸ್ತೆಯ ಗುಂಡಿ ಮುಚ್ಚುತ್ತಿದ್ದವರು ಇರಬೇಕು ಅಂದುಕೊಂಡಿದ್ದಾರೆ. ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ತಪ್ಪಿದ್ದರೆ ನಮ್ಮ ಬಡಾವಣೆಯ ಟೀಚರಮ್ಮ ತಿದ್ದುತ್ತಾರೆ.

ಈ ಮನೆಗಳೆಲ್ಲ ನಿಂತಿರುವ ನೆಲ ಮೊದಲು ಕಿತ್ತಳೆ ತೋಟ. ನಡುವೆ ಕಲ್ಲು ಕಟ್ಟಿದ ಕಾಲುವೆ. ಕಾಲುವೆಯ ಈಚೆ ನಲವತ್ತು ಸಾಲು, ಆಚೆ ಮೂವತ್ತು. ಸಾಲಿಗೆ ಹನ್ನೊಂದು ಮರ. ಒಟ್ಟು ಏಳುನೂರ ಎಪ್ಪತ್ತು. ಗಾಳಿ ತಡೆಯಲಿ ಅಂತ ಕಾಲುವೆಯ ದಂಡೆಗೆ ಎತ್ತರದ ಮರಗಳನ್ನು ಒತ್ತೊತ್ತಾಗಿ ಬೆಳೆಸಿದ್ದರು. ಹಾಗಾಗಿ ಈಚೆ ನಿಂತವರಿಗೆ ಆಚೆಯ ಸಾಲು ಕಾಣುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೆಲ ಒಡೆಯರದು. ಸಸಿ ಒಡೆಯರದು. ಸಾಲು ಹಿಡಿದವರು ನಮ್ಮವರು. ಆಗ ಅವರಿಗೆ ಇಪ್ಪತ್ತನಾಲ್ಕು, ನನಗೆ ಹತ್ತೊಂಬತ್ತು. ಮದುವೆಯಾಗಿ ಎರಡು ತಿಂಗಳು. ಜವಾಬ್ದಾರಿ ಅಂತ ಅವರ ಕೈಗೆ ಬಂದ ಮೊದಲ ಕೆಲಸ ಅದು.

ಸಾಲು ಹಿಡಿಯುವುದು ಅಂದರೆ ಹಗ್ಗ ಎಳೆಯುವುದು. ಇನ್ನೂರು ಅಡಿಯ ನಾರಿನ ಹಗ್ಗ. ಇಪ್ಪತ್ತು ಅಡಿಗೊಂದು ಗಂಟು, ಎರಡು ತುದಿಯೂ ಸೇರಿ ಹನ್ನೊಂದು. ಗಂಟು ದೂರಕ್ಕೆ ಕಾಣಲಿ ಅಂತ ಅದಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಿರುತ್ತಾರೆ. ಕಾಲುವೆಯಲ್ಲಿ ಸಾಲಿಗೊಂದು ತೂಬು ಇತ್ತು, ಅಲ್ಲಿಂದ ನೀರು ಮರಕ್ಕೆ ಹೋಗುವುದು. ಒಬ್ಬರು ತೂಬಿನ ಮೇಲೆ ಹಗ್ಗದ ಒಂದು ತುದಿ ಒತ್ತಿ ಹಿಡಿದು ಕೂರಬೇಕು. ಇನ್ನೊಬ್ಬರು ಇನ್ನೊಂದು ತುದಿ ಹಿಡಿದು ಬೇಲಿಯ ಕಡೆ ನಡೆಯಬೇಕು. ಬಿಗಿಯಾಗಿ ಎಳೆದ ಮೇಲೆ ಗಂಟಿಗೊಂದು ಗೂಟ. ಗೂಟ ಇದ್ದಲ್ಲಿ ಗುಂಡಿ.

ಕೂರುತ್ತಿದ್ದವರು ಅವರು. ನಡೆಯುತ್ತಿದ್ದವಳು ನಾನು. ಹಗ್ಗ ಹಿಡಿಯಲು ಬೇರೆ ಆಳು ಇರಲಿಲ್ಲವಾ ಅಂತ ಅತ್ತೆ ಕೇಳಿದರು. "ಆಳು ಹಗ್ಗ ಸಡಿಲ ಬಿಡ್ತಾರೆ, ಇವಳು ಬಿಡಲ್ಲ," ಅಂದರು ಇವರು. ನನ್ನ ಬಗ್ಗೆ ಇವರು ಆಡಿದ ಮೊದಲ ಒಳ್ಳೆಯ ಮಾತು ಅದು. ಅದೂ ನನಗೆ ಹೇಳಿದ್ದಲ್ಲ.

ಈ ನೆಲದಲ್ಲಿ ಎರಡಡಿ ಕೆಳಗೆ ಸುಣ್ಣದ ಕಲ್ಲಿನ ಪದರ ಇದೆ. ಹಾರೆ ಬಡಿದರೆ ಹಾರೆಯೇ ಬಗ್ಗಬೇಕು, ಅಷ್ಟು ಗಟ್ಟಿ. ಬೇರು ಇಳಿಯುವುದಿಲ್ಲ. ಅದಕ್ಕೆ ಪ್ರತಿ ಗುಂಡಿಯನ್ನೂ ನಾಲ್ಕಡಿ ಅಗಲ, ಐದಡಿ ಆಳ ತೋಡಿ, ಪದರ ಒಡೆದು, ಎಲೆಗೊಬ್ಬರ ಮರಳು ತುಂಬಿದರು. ಈಚೆಯ ನಲವತ್ತು ಸಾಲಿಗೆ ಎರಡು ದಿನ ಹಗ್ಗ ಎಳೆದೆವು. ಆಚೆಯ ಮೂವತ್ತು ಸಾಲು ಒಂದೇ ದಿನಕ್ಕೆ ಮುಗಿಸಬೇಕಾಯಿತು. ಗುಂಡಿ ತೋಡುವವರು ಮರುದಿನವೇ ಬರುವವರಿದ್ದರು.

ಇಪ್ಪತ್ತನಾಲ್ಕು ವರ್ಷ ತೋಟ ಹಣ್ಣು ಕೊಟ್ಟಿತು. ನಮ್ಮವರ ಸಾಲು ನೋಡಲು ಬೇರೆ ತೋಟದವರು ಬರುತ್ತಿದ್ದರು. ಮೊದಲ ಮರದ ಹಿಂದೆ ನಿಂತರೆ ಉಳಿದ ಹತ್ತು ಮರ ಕಾಣಬಾರದು, ಅಷ್ಟು ನೇರ. ಇವರು ಬಂದವರನ್ನೆಲ್ಲ ಆ ಮರದ ಹಿಂದೆ ನಿಲ್ಲಿಸುತ್ತಿದ್ದರು. ಏನೂ ಕಾಣದ ಜಾಗದಲ್ಲಿ ನಿಲ್ಲಿಸಿ, "ನೋಡಿ," ಅನ್ನುತ್ತಿದ್ದರು.

ಆಮೇಲೆ ಮರಗಳಿಗೆ ವಯಸ್ಸಾಯಿತು. ಕೊಂಬೆ ತುದಿಯಿಂದ ಒಣಗತೊಡಗಿತು. ಹಣ್ಣು ನಿಂಬೆಯಷ್ಟಾಯಿತು. ಒಡೆಯರು ತೀರಿಕೊಂಡರು. ಮಕ್ಕಳು ತೋಟವನ್ನು ಮನೆ ಕಟ್ಟುವ ಕಂಪನಿಗೆ ಮಾರಿದರು. ಪಂಪ್‌ಹೌಸಿನ ಪಕ್ಕದ ಎರಡು ಕೋಣೆಯನ್ನು ಮಾತ್ರ ನಮ್ಮ ಹೆಸರಿಗೆ ಬರೆದುಕೊಟ್ಟರು. ಕಂಪನಿ ಇವರಿಗೆ ಕಾವಲು ಕೆಲಸ ಕೊಟ್ಟಿತು.

ಮರ ಕೀಳುವಾಗ ಅತ್ತರಾ ಅಂತ ಈಗಲೂ ಜನ ಕೇಳುತ್ತಾರೆ. ಅಳಲಿಲ್ಲ.

"ಮರ ಅದರ ಕೆಲಸ ಮುಗಿಸ್ತು," ಅಂದರು. "ಜನ ಬಾಡಿಗೆ ಕೋಣೇಲಿ ಒಬ್ಬರ ಕಾಲು ಒಬ್ಬರ ಮುಖಕ್ಕೆ ಹಾಕ್ಕೊಂಡು ಮಲಗ್ತಾರೆ. ಬರಲಿ. ನೆಲ ಇರೋದೇ ಯಾರಾದ್ರೂ ನಿಲ್ಲೋಕೆ."

ಅವರಿಗೆ ಸಂಕಟವಾದದ್ದು ಬೇರೆ ವಿಷಯಕ್ಕೆ. ಬುಲ್ಡೋಜರ್ ಒಂದೊಂದೇ ಮರ ಕಿತ್ತು, ಆ ಗುಂಡಿಗೆ ಬೇರು, ಕೊಂಬೆ, ಹರಿದ ಚೀಲ, ಸಿಕ್ಕಿದ್ದೆಲ್ಲ ನೂಕಿ ಮೇಲೆ ಮಣ್ಣೆಳೆಯುತ್ತಿತ್ತು. ಇವರು ಹೋಗಿ ಯಂತ್ರದ ಎದುರು ನಿಂತರು.

"ಅಣ್ಣಾ, ಗುಂಡಿಗೆ ಕೊಂಬೆ ತುಂಬಬೇಡ. ಸುತ್ತ ಕಲ್ಲು, ನೀರು ಎಲ್ಲೂ ಹೋಗಲ್ಲ. ಕೊಳೆತು ಕುಸಿಯುತ್ತೆ."

ಡ್ರೈವರ್ ಮೇಲಿಂದಲೇ ಹೇಳಿದ, "ಮೇಸ್ತ್ರಿ, ನನಗೆ ಸಮ ಮಾಡು ಅಂದಿದ್ದಾರೆ, ಮಾಡ್ತೀನಿ. ಕೆಳಗೆ ಏನಿದೆ ಅಂತ ಯಾರೂ ಕೇಳಿಲ್ಲ. ನೀವೂ ಕೇಳಬೇಡಿ."

ತಿಂಗಳಲ್ಲಿ ನೆಲ ತಟ್ಟೆಯ ಹಾಗಾಯಿತು. ಮೇಲೆ ನಡೆದರೆ ಎಲ್ಲಿ ಗುಂಡಿ, ಎಲ್ಲಿ ಕಲ್ಲು ಅಂತ ಯಾರಿಗೂ ತಿಳಿಯುವ ಹಾಗಿರಲಿಲ್ಲ. ದಂಡೆಯ ಮರಗಳೂ ಹೋದವು. ಕಾಲುವೆಯನ್ನು ಮಳೆನೀರು ಹೋಗಲಿ ಅಂತ ಉಳಿಸಿಕೊಂಡರು. ತೂಬುಗಳಿಗೆ ಸಿಮೆಂಟು ಬಡಿದರು. ಆದರೆ ತೂಬಿನ ಗುರುತು ಹಾಗೇ ಇತ್ತು. ಈಗಲೂ ಇದೆ, ನೋಡಬಹುದು.

ಮೊದಲು ಮನೆ ಕಟ್ಟಿದವರು ಟೀಚರಮ್ಮ. ಕಾಲುವೆಯ ಈಚೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವರ ಅಡುಗೆಮನೆಯ ಮೂಲೆಯಲ್ಲಿ ಬಿರುಕು ಬಂತು. ಹೊಸ ಮನೆ, ಯಾರಿಗೂ ಹೇಳಲು ಮನಸ್ಸಿಲ್ಲ. ಬಿರುಕಿನ ಮೇಲೆ ಕ್ಯಾಲೆಂಡರ್ ನೇತುಹಾಕಿದರು. ಬಿರುಕು ಕ್ಯಾಲೆಂಡರಿನ ಕೆಳಗೆ ಇಣುಕಿತು. ಅದರ ಕೆಳಗೆ ಇನ್ನೊಂದು ಕ್ಯಾಲೆಂಡರ್ ಬಂತು.

ನಾನು ಒಂದು ದಿನ ಹೋದಾಗ ಕೇಳಿಯೇಬಿಟ್ಟೆ, "ಟೀಚರಮ್ಮ, ನಿಮ್ಮನೇಲಿ ವರ್ಷಕ್ಕೆ ಎಷ್ಟು ತಿಂಗಳು?"

ಅವರು ನಗುವುದಕ್ಕೆ ಹೋಗಿ ಅತ್ತುಬಿಟ್ಟರು. ಎರಡೂ ಕ್ಯಾಲೆಂಡರ್ ತೆಗೆದು ತೋರಿಸಿದರು. ನನ್ನ ಕಿರುಬೆರಳು ಒಳಗೆ ಹೋಯಿತು.

ನಾನು ಮನೆಗೆ ಬಂದು ಹೇಳಿದೆ. ಇವರು ಪಂಪ್‌ಹೌಸಿನ ಮೊಳೆಯಲ್ಲಿ ನೇತಾಡುತ್ತಿದ್ದ ಹಗ್ಗ ಇಳಿಸಿದರು. ಹದಿನೇಳನೇ ತೂಬಿನ ಮೇಲೆ ಕೂತರು. ನಾನು ನಡೆದೆ. ಏಳನೇ ಗಂಟು ಟೀಚರಮ್ಮನ ಅಡುಗೆಮನೆಯ ಮೂಲೆಗೆ ಬಂದು ನಿಂತಿತು. ಗೋಡೆಯ ಹೊರಗೆ ಅಗೆಸಿದರು. ಎಲ್ಲ ಕಡೆ ಬಿಳಿಚಿದ ಗಟ್ಟಿ ನೆಲ, ಅಲ್ಲಿ ಮಾತ್ರ ಕಪ್ಪು ಮಣ್ಣು, ಕೊಳೆತ ಕೊಂಬೆ, ನಿಂತ ನೀರು. ಮೆತ್ತಗಿದ್ದದ್ದನ್ನೆಲ್ಲ ತೆಗೆದು, ಕಲ್ಲು ತುಂಬಿ, ಪದರ ಪದರವಾಗಿ ದಿಮ್ಮಸು ಹಾಕಿ ಬಡಿದು ಗಟ್ಟಿ ಮಾಡಿದರು. ಬಿರುಕು ಅಲ್ಲಿಗೇ ನಿಂತಿತು. ಟೀಚರಮ್ಮ ಒಂದು ಕ್ಯಾಲೆಂಡರ್ ನಮಗೆ ಕೊಟ್ಟರು.

ಸುದ್ದಿ ಕಂಪನಿಯ ಇಂಜಿನಿಯರಿಗೆ ಹೋಯಿತು. ಕೆಟ್ಟವರಲ್ಲ ಅವರು. ವಯಸ್ಸು ಕಡಿಮೆ, ಕೆಲಸ ಜಾಸ್ತಿ. ಆಚೆ ಕಡೆ ಹನ್ನೊಂದು ಮನೆಗೆ ಸೋಮವಾರ ಪಾಯ ಅಗೆಯಬೇಕಿತ್ತು. ನಮ್ಮವರು ಅವರ ಹತ್ತಿರ ಹೋಗಿ, "ಗುಂಡಿ ನೋಡದೆ ಕಂಬ ಏಳಿಸಬೇಡಿ," ಅಂದರು.

"ಮೇಸ್ತ್ರಿ, ಒಂದು ಮನೆ ನೋಡಿ ನಾನು ನಕ್ಷೆ ಬದಲಾಯಿಸೋಕೆ ಆಗಲ್ಲ," ಅಂದರು ಇಂಜಿನಿಯರ್. "ಆಚೆ ಕಡೆ ಮೂರು ಗುಂಡಿ ತೋರಿಸಿ. ಸಿಕ್ಕರೆ ಎಲ್ಲಾ ಕಡೆ ನೀವು ಹೇಳಿದ ಹಾಗೆ ಮಾಡ್ತೀನಿ. ಸಿಗದಿದ್ರೆ ನನ್ನ ಪಾಡಿಗೆ ಬಿಡಿ."

"ಮೂರಲ್ಲ, ಮುನ್ನೂರ ಮೂವತ್ತೂ ತೋರಿಸ್ತೀನಿ," ಅಂದರು ಇವರು. ಅಷ್ಟು ಧೈರ್ಯ.

ಶನಿವಾರ ಸೈಟು ಕೊಂಡವರೆಲ್ಲ ನೋಡಲು ಬಂದಿದ್ದರು. ಕಾಲುವೆಯ ಹತ್ತಿರದ ಭಾಗ ರಸ್ತೆಗೆ ಹೋಗಿತ್ತು. ಹಾಗಾಗಿ ಬೇಲಿಯ ಕಡೆಯ ಗುಂಡಿ ತೋರಿಸಬೇಕಿತ್ತು. ಇವರು ಹನ್ನೆರಡನೇ ತೂಬಿನ ಮೇಲೆ ಕೂತರು. ನಾನು ನಡೆದೆ. ಆರನೇ ಗಂಟು, ಎಂಟನೇ ಗಂಟು, ಒಂಬತ್ತನೇ ಗಂಟು. ಮೂರು ಕಡೆ ಸುಣ್ಣದ ಪುಡಿ ಹಾಕಿದೆವು. ಅಗೆಯುವವರು ಪಿಕಾಸಿ ಎತ್ತಿದರು.

ಮೂರೂ ಕಡೆ ಕಲ್ಲು. ಎರಡಡಿಗೆ ಠಣ್ ಅಂತ ಸದ್ದು. ಎಂದೂ ಯಾರೂ ಮುಟ್ಟದ ನೆಲ.

ಅಲ್ಲಿ ಒಬ್ಬ ದರ್ಜಿ ಇದ್ದರು, ಎರಡು ಸೈಟು ಕೊಂಡವರು. "ನಾನೂ ಹೀಗೇ ಅಳತೆ ತಗೊಂಡಿದ್ರೆ ಊರೆಲ್ಲ ಬರಿಮೈಲಿ ಓಡಾಡಬೇಕಿತ್ತು," ಅಂದರು. ಜನ ನಕ್ಕರು. "ಏನು ಗುಂಡಿ ಮೇಸ್ತ್ರೀ, ಗುಂಡಿ ಊಟಕ್ಕೆ ಹೋಗಿದೆಯಾ?" ಅಂತ ಮತ್ತೆ ಅಂದರು ದರ್ಜಿ. ಇನ್ನೂ ಜೋರಾಗಿ ನಕ್ಕರು. ಆ ಹೆಸರು ಹುಟ್ಟಿದ್ದು ಅಲ್ಲಿ, ಗೇಲಿಗೆ.

ಹಿಂದಿನಿಂದ ಯಾರೋ ಅಂದರು, "ಮರ ಕಿತ್ತ ಸಿಟ್ಟು ಕಣ್ರೀ. ಯಾರೂ ಮನೆ ಕಟ್ಟಬಾರದು ಅಂತ ಹೆದರಿಸ್ತಿದ್ದಾರೆ."

ನಗು ಇವರಿಗೆ ತಾಗಲಿಲ್ಲ. ಆ ಮಾತು ತಾಗಿತು. ಇಂಜಿನಿಯರ್ ಮೆಲ್ಲಗೆ ಹೇಳಿದರು, "ಮೇಸ್ತ್ರಿ, ಇನ್ನು ಆಚೆ ಕಡೆ ಬರಬೇಡಿ. ಜನ ಗಾಬರಿ ಆಗ್ತಾರೆ. ಟೀಚರ್ ಮನೇದು ನಿಮ್ಮ ಅದೃಷ್ಟ ಅಂತ ಇಟ್ಕೊಳ್ಳೋಣ."

ಹಗ್ಗ ಸುತ್ತಿಕೊಂಡು ಮನೆಗೆ ಬಂದೆವು. ಇವರು ಕಸಿ ಕಟ್ಟುವ ಚಾಕು ತೆಗೆದು ಕಲ್ಲಿನ ಮೇಲೆ ಮಸೆಯುತ್ತ ಕೂತರು. ಕಸಿ ಕಟ್ಟಲು ಒಂದು ಗಿಡವೂ ಇರಲಿಲ್ಲ. ಊಟಕ್ಕೆ ಕರೆದೆ. ಬರಲಿಲ್ಲ. ಭಾನುವಾರ ಬೆಳಿಗ್ಗೆಯೂ ಮಸೆಯುತ್ತಲೇ ಇದ್ದರು.

"ರೀ, ಸಾಕು. ಚಾಕು ಸವೆದು ಹಿಡಿ ಒಂದೇ ಉಳಿಯುತ್ತೆ," ಅಂದೆ.

"ಗುಂಡಿ ಇದೆ ಕಣೇ," ಅಂದರು. "ನಾನೇ ನಿಂತು ತೋಡಿಸಿದ್ದು. ಎಲ್ಲಿ ಹೋದವು? ಗುಂಡಿಗೇನು ಕಾಲಿದೆಯಾ?"

ನಾನು ಬಟ್ಟೆ ಒಗೆಯಲು ಹೋದೆ. ಮಗಳ ಹೊಸ ಕೆಂಪು ಲಂಗ ಇತ್ತು. ನೀರಿಗೆ ಹಾಕಿದ್ದೇ ಬಣ್ಣ ಬಿಟ್ಟಿತು. ಕೈಯೆಲ್ಲ ಕೆಂಪಾಯಿತು. ಆ ಕೈ ನೋಡುತ್ತ ನಿಂತೆ.

ಆ ಕೆಂಪು ನಾನು ಮೊದಲು ನೋಡಿದ್ದೆ. ಹಗ್ಗ ಎಳೆದ ಕೊನೆಯ ದಿನ ಸಂಜೆ ಮನೆಗೆ ಬಂದಾಗ ನನ್ನ ಎರಡೂ ಅಂಗೈ ಹೀಗೇ ಇದ್ದವು. ಅತ್ತೆ ಬಾಗಿಲಲ್ಲೇ ತಡೆದು ಕೇಳಿದ್ದರು, "ಏನೇ, ಯಾರ ಕೆನ್ನೆಗೆ ಹೊಡೆದು ಬಂದೆ?" ನಾನು, "ನಿಮ್ಮ ಮಗನದು," ಅಂದಿದ್ದೆ. ಸೊಸೆಯಾಗಿ ಬಂದ ಮೇಲೆ ಅತ್ತೆಗೆ ನಾನು ಕೊಟ್ಟ ಮೊದಲ ಎದುರು ಉತ್ತರ. ಅದಕ್ಕೇ ನೆನಪಿತ್ತು. ಮೊದಲ ಎರಡು ದಿನ ಕೈಗೆ ಬಣ್ಣ ಹತ್ತಿರಲಿಲ್ಲ. ಮೂರನೇ ದಿನ, ಆಚೆ ಕಡೆ ಎಳೆದ ದಿನ ಮಾತ್ರ. ಆ ದಿನ ಮಳೆ. ಗಂಟಿಗೆ ಕಟ್ಟಿದ ಬಟ್ಟೆ ನೆಂದು ಬಣ್ಣ ಬಿಟ್ಟಿತ್ತು.

ಬಟ್ಟೆ ನೆಂದಿದ್ದರೆ ಹಗ್ಗವೂ ನೆಂದಿತ್ತು.

ಬಟ್ಟೆ ಒಣಹಾಕುವ ಹಗ್ಗ ಮಳೆಗೆ ಬಿಗಿಯುವುದನ್ನು ಯಾವ ಹೆಂಗಸು ನೋಡಿಲ್ಲ? ಒಣಗಿದಾಗ ಜೋಲು ಬೀಳುತ್ತದೆ, ನೆಂದಾಗ ತಂತಿಯ ಹಾಗೆ ನಿಲ್ಲುತ್ತದೆ. ನೆಂದ ನಾರು ಉಬ್ಬಿ ಗಿಡ್ಡ ಆಗುತ್ತದೆ. ಆ ದಿನ ನಮ್ಮ ಇಪ್ಪತ್ತು ಅಡಿ ಇಪ್ಪತ್ತು ಅಡಿಯಾಗಿರಲಿಲ್ಲ.

ಇನ್ನೊಂದು ವಿಷಯವೂ ಹೊಳೆಯಿತು. ಈಚೆ ಕಡೆ ಕೊನೆಯ ಮರಕ್ಕೂ ಬೇಲಿಗೂ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಆಚೆ ಕಡೆ ಟ್ರ್ಯಾಕ್ಟರ್ ತಿರುಗುತ್ತಿತ್ತು. ನಾವು ಹಣ್ಣು ಆರಿಸುವ ಮೇಜು ಹಾಕುತ್ತಿದ್ದದ್ದೇ ಅಲ್ಲಿ. ದಂಡೆಯ ಮರಗಳು ಅಡ್ಡ ಇದ್ದದ್ದಕ್ಕೆ ಎರಡು ಕಡೆಯನ್ನೂ ಯಾರೂ ಹೋಲಿಸಿ ನೋಡಿರಲಿಲ್ಲ.

ಒದ್ದೆ ಕೈಯಲ್ಲೇ ಬಂದು ಹೇಳಿದೆ. ಇವರು ಚಾಕು ಕೆಳಗಿಟ್ಟರು.

"ಬಾಯಿ ಮುಚ್ಚು. ನನ್ನ ಸಾಲು ತಪ್ಪಿಲ್ಲ."

"ಸಾಲು ನೇರ ಇತ್ತು. ಗುಂಡಿ ಹತ್ತಿರ ಹತ್ತಿರ ಬಿದ್ದಿವೆ."

"ಇಪ್ಪತ್ತನಾಲ್ಕು ವರ್ಷ ಆ ಮರಗಳ ಜೊತೆ ಇದ್ದವನು ನಾನು. ನನಗೆ ಕಾಣದ್ದು ನಿನಗೆ ಕಂಡಿತಾ?"

ನಾನು ಜಗಳಕ್ಕೆ ನಿಲ್ಲಲಿಲ್ಲ. ಹಗ್ಗ ಇಳಿಸಿದೆ. ಬಾಗಿಲಿನ ಕಂಬಕ್ಕೆ ಒಂದು ತುದಿ ಕಟ್ಟಿ, ರಸ್ತೆಯುದ್ದಕ್ಕೂ ಎಳೆದು, ಇನ್ನೊಂದು ತುದಿ ಮುಟ್ಟಿದಲ್ಲಿ ಕಲ್ಲಿಟ್ಟೆ. ಆಮೇಲೆ ಹಗ್ಗವನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದೆ. ಒಂದು ಗಂಟೆ ಬಿಟ್ಟು ತೆಗೆದು ಮತ್ತೆ ಎಳೆದೆ. ನನ್ನ ಶಕ್ತಿಯೆಲ್ಲ ಹಾಕಿ ಎಳೆದೆ. ಹಗ್ಗದ ತುದಿ ಕಲ್ಲಿಗೆ ಮುಟ್ಟಲಿಲ್ಲ. ಹತ್ತು ಅಡಿ ಕಡಿಮೆ.

ಇವರು ಬಾಗಿಲಲ್ಲಿ ನಿಂತು ನೋಡಿದರು. ಬಂದು ಆ ಹತ್ತಡಿ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಆ ಕಡೆ ನೆಲ ಹೆಚ್ಚಿದೆ ಅಂದ್ಕೊಂಡಿದ್ದೆ," ಅಂದರು. "ಇಪ್ಪತ್ತನಾಲ್ಕು ವರ್ಷ."

ಅವರ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ಗುಂಡಿ ಇದೆ ಅನ್ನುವುದು ನಿಜ ಆಗಬೇಕಾದರೆ, ತೋಟ ತಪ್ಪು ನೆಟ್ಟೆ ಅಂತ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು. ಅವರಿಗೆ ಇದ್ದದ್ದು ಎರಡೇ ಆಸ್ತಿ. ಒಂದು ಮಾತು, ಇನ್ನೊಂದು ಆ ಸಾಲು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮರಗಳೇ ಇಲ್ಲ, ಯಾರು ಅಳೆಯುತ್ತಾರೆ? ಹನ್ನೊಂದು ಮನೆಗೆ ಬಿರುಕು ಬರುತ್ತಿತ್ತು, ಅಷ್ಟೇ.

ನಾನು ಹೋಗಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅನ್ನ ಬಡಿಸಿದೆ. ಉಂಡರು. ಎರಡು ದಿನದ ಹಸಿವು, ನನಗೆ ಉಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಒದ್ದೆ ಹಗ್ಗವನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಕಾಲುವೆ ದಾಟಿದರು. ನಾನು ಹಿಂದೆ ಹೋದೆ. ಅಗೆಯುವವರು ಆಗಲೇ ಬಂದಿದ್ದರು. ದರ್ಜಿಯೂ ಇದ್ದರು.

"ಬಂದರಪ್ಪ ಗುಂಡಿ ಮೇಸ್ತ್ರಿ," ಅಂದರು ದರ್ಜಿ. "ಇವತ್ತು ಬಕೆಟ್ಟಲ್ಲಿ ಹಿಡ್ಕೊಂಡು ಬಂದಿದ್ದಾರೆ ಗುಂಡೀನ."

ಇವರು ಅವರ ಕಡೆ ನೋಡಲಿಲ್ಲ. ಇಂಜಿನಿಯರ್ ಎದುರು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಈ ಕಡೆ ತೋಟ ನಾನು ತಪ್ಪು ನೆಟ್ಟೆ. ಮಳೇಲಿ ಹಗ್ಗ ಎಳೆದೆ. ಹಗ್ಗ ಗಿಡ್ಡ ಆಗಿತ್ತು, ನನಗೆ ಗೊತ್ತಾಗಲಿಲ್ಲ. ಒಡೆಯರು ಹೋಗೋವರೆಗೂ ಅವರಿಗೂ ಹೇಳಲಿಲ್ಲ, ಯಾಕಂದ್ರೆ ನನಗೇ ಗೊತ್ತಿರಲಿಲ್ಲ. ಗೊತ್ತಾಗಿದ್ದು ನಿನ್ನೆ, ಇವಳಿಂದ. ಇನ್ನೊಂದು ಸಲ ಅಳೆಯೋಕೆ ಬಿಡಿ. ಸಿಗದಿದ್ರೆ ಕಾವಲು ಕೆಲಸಾನೂ ಬಿಡ್ತೀನಿ."

ಯಾರೂ ನಗಲಿಲ್ಲ. ಇಂಜಿನಿಯರ್ ನನ್ನನ್ನು ನೋಡಿದರು, ಬಕೆಟ್ಟು ನೋಡಿದರು. ಗಡಿಯಾರ ನೋಡಿ, "ಅರ್ಧ ಗಂಟೆ," ಅಂದರು.

ಹನ್ನೆರಡನೇ ತೂಬು. ಇವರು ಕೂತರು. ನಾನು ನಡೆದೆ. ಹಗ್ಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂಬತ್ತನೇ ಗಂಟು ಶನಿವಾರದ ಗುರುತಿನಿಂದ ಎಷ್ಟೋ ಹಿಂದೆ ನಿಂತಿತು. "ಇಲ್ಲಿ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಪಿಕಾಸಿ ಬಿತ್ತು. ಎರಡಡಿ ಆಯಿತು, ಠಣ್ ಅನ್ನಲಿಲ್ಲ. ಮೂರಡಿ ಆಯಿತು. ಕಪ್ಪು ಮಣ್ಣು. ಒಂದು ಬೇರು ಬಂತು. ಇವರು ಎದ್ದು ಬಂದು ಉಗುರಿನಿಂದ ಕೆರೆದು ಇಂಜಿನಿಯರ್ ಮೂಗಿಗೆ ಹಿಡಿದರು. ಹಳದಿ ತೊಗಟೆ, ಕಿತ್ತಳೆಯ ಘಾಟು ಇನ್ನೂ ಇತ್ತು.

ಎಂಟನೆಯದೂ ಸಿಕ್ಕಿತು. ಆರನೆಯದೂ ಸಿಕ್ಕಿತು.

ದರ್ಜಿ ತಮ್ಮ ಸೈಟಿನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, "ಮೇಸ್ತ್ರಿ, ನಮ್ಮದರಲ್ಲಿ ಎಷ್ಟಿರಬಹುದು?" ಅಂದರು.

"ಆರು," ಅಂದರು ಇವರು. "ಊಟಕ್ಕೆ ಹೋಗಿಲ್ಲ, ಎಲ್ಲಾ ಅಲ್ಲೇ ಇವೆ."

ಅವತ್ತಿನಿಂದ ಯಾವ ಮನೆಗೆ ಪಾಯ ಅಗೆಯಬೇಕಾದರೂ ಮೊದಲು ನಮ್ಮವರು ತೂಬಿನ ಮೇಲೆ ಕೂರಬೇಕು. ಇಂಜಿನಿಯರ್ ಪಕ್ಕದಲ್ಲಿ ನಿಂತು ಕಾಗದದಲ್ಲಿ ಗುರುತು ಹಾಕುವರು. ಮೊದಲಿಗೆ ಎಲ್ಲ ಗುಂಡಿಗೂ ಕಲ್ಲು ತುಂಬುತ್ತಿದ್ದರು. ಆಮೇಲೆ ಇವರೇ ಒಂದು ಉಪಾಯ ಹೇಳಿದರು. "ಹೇಗೂ ನೀರಿನ ಸಂಪು ಬೇಕಲ್ಲ. ಕಲ್ಲು ಒಡೆದು ಹೊಸ ಗುಂಡಿ ಯಾಕೆ ತೋಡ್ತೀರಿ? ಅರ್ಧ ಕೆಲಸ ನಾನು ಆಗಲೇ ಮಾಡಿಟ್ಟಿದ್ದೀನಿ." ಹಾಗಾಗಿ ನಮ್ಮ ಬಡಾವಣೆಯಲ್ಲಿ ಸಂಪು ಇರುವುದು ಹಳೆಯ ಗುಂಡಿಗಳಲ್ಲಿ. ಮಾಳಿಗೆ ಮೇಲೆ ನಿಂತು ನೋಡಿ. ಮನೆಗಳು ಒಂದೊಂದು ಆಕಾರ, ಒಂದೊಂದು ಬಣ್ಣ. ಸಂಪಿನ ಮುಚ್ಚಳಗಳು ಮಾತ್ರ ಮನೆಯಿಂದ ಮನೆಗೆ ನೂಲು ಹಿಡಿದ ಹಾಗೆ ಒಂದೇ ಸಾಲು. ಅದು ನಮ್ಮವರ ಸಾಲು. ಮರಕ್ಕೆ ನೀರು ಹೋಗುತ್ತಿದ್ದಲ್ಲಿಗೇ ಈಗಲೂ ನೀರು ಹೋಗುತ್ತಿದೆ.

ಇಪ್ಪತ್ತು ವರ್ಷದಲ್ಲಿ ಎಂಬತ್ತಾರು ಮನೆ ಎದ್ದವು. ಟೀಚರಮ್ಮನ ಬಿರುಕು ಬಿಟ್ಟರೆ ಇನ್ನೊಂದು ಬಿರುಕಿಲ್ಲ. ದರ್ಜಿ ಕೊಟ್ಟ ಹೆಸರು ಹಾಗೇ ಉಳಿಯಿತು. ಕರೆಯುವ ದನಿ ಮಾತ್ರ ಬದಲಾಯಿತು. ಆ ದರ್ಜಿಯೇ ಬಸ್ಸಿನಲ್ಲಿ, "ಗುಂಡಿ ಮೇಸ್ತ್ರಿ ಮನೆ ಹತ್ರ ಇಳಿಸಪ್ಪ," ಅಂತ ಮೊದಲು ಹೇಳಿದ್ದು.

ಇವರ ತಲೆ ಮಾತ್ರ ತಿರುಗಲಿಲ್ಲ. ಯಾರಾದರೂ ಹೊಗಳಿದರೆ, "ನಾನು ತಪ್ಪಿದ್ದು, ಇವಳು ಹಿಡಿದಿದ್ದು," ಅನ್ನುತ್ತಿದ್ದರು. ಒಳಗೆ ಬಂದ ಮೇಲೆ, "ಜಾಸ್ತಿ ಉಬ್ಬಬೇಡ," ಅನ್ನುತ್ತಿದ್ದರು.

ಅವರು ಹೋದದ್ದು ಬೆಳಿಗ್ಗೆ, ಟೀ ಕುಡಿದು ಲೋಟ ತೊಳೆದಿಟ್ಟ ಮೇಲೆ. ತಮ್ಮ ಲೋಟ ತಾವೇ ತೊಳೆಯುತ್ತಿದ್ದರು. ಹಾಗಾಗಿ ನನಗೆ ಏನೂ ಕೆಲಸ ಬಿಡಲಿಲ್ಲ. ಆ ಲೋಟ ಬೋರಲು ಹಾಕಿದ ಹಾಗೇ ಇದೆ. ಹಗ್ಗ ಮೊಳೆಯಲ್ಲಿತ್ತು, ಅವರು ಹೊಸದಾಗಿ ಕಟ್ಟಿದ್ದ ಕೆಂಪು ಬಟ್ಟೆಯ ಚೂರುಗಳ ಸಮೇತ. ಅದನ್ನೂ ನಾನು ಮುಟ್ಟಿರಲಿಲ್ಲ.

ಹೋದ ವಾರ ಒಬ್ಬ ಗಾರೆ ಮೇಸ್ತ್ರಿ ಬಾಗಿಲಿಗೆ ಬಂದ. ಬಡಾವಣೆಯಲ್ಲಿ ಖಾಲಿ ಉಳಿದಿದ್ದ ಕೊನೆಯ ಸೈಟು ಒಬ್ಬ ನರ್ಸಮ್ಮನದು. ಕಾಲುವೆಯ ಆಚೆ, ಮೂರನೇ ಸಾಲಿನ ಮೇಲೆ. ಮನೆ ಶುರು ಮಾಡಿದ್ದಾರೆ.

"ಅಮ್ಮಾ, ಇಂಜಿನಿಯರ್ ಕಾಗದದಲ್ಲಿ ಆಚೆ ಕಡೆ ಎಲ್ಲಾ ಹತ್ತೊಂಬತ್ತು ಅಡಿಗೊಂದು ಗುಂಡಿ ಅಂತ ಇದೆ," ಅಂದ. "ಟೇಪು ಹಿಡಿದು ಅಗೆದೆ. ಕಲ್ಲು ಬಂತು. ಇನ್ನೊಂದು ಕಡೆ ಅಗೆದೆ, ಅಲ್ಲೂ ಕಲ್ಲು. ಗುಂಡೀನೇ ಇಲ್ಲ ಅಂತ ಕಂಬ ಏಳಿಸಿಬಿಡಲಾ?"

"ಮೂರನೇ ಸಾಲಾ?" ಅಂದೆ.

"ಹೌದು."

"ಟೇಪು ಮನೇಲಿಡು. ಬರ್ತೀನಿ."

ಟೀಚರಮ್ಮನನ್ನು ಕರೆದೆ. ಅವರಿಗೆ ಮಂಡಿ ನೋವು, ನಡೆಯಲಾಗುವುದಿಲ್ಲ. "ನಡೆಯೋದು ಬೇಡ, ಕೂತ್ಕೊಳ್ಳಿ ಸಾಕು," ಅಂದೆ. ಮೂರನೇ ತೂಬಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ತುದಿಯನ್ನು ಕಾಲಿನ ಕೆಳಗೆ ಒತ್ತಿ ಹಿಡಿಯಲು ಹೇಳಿದೆ.

ಗಾರೆ ಮೇಸ್ತ್ರಿ ಹಗ್ಗ ನೆನೆಸಲು ದೊಡ್ಡ ಡ್ರಮ್ಮು ತುಂಬಿಸಿಟ್ಟಿದ್ದ. "ಎಷ್ಟು ಹೊತ್ತು ನೆನೆಸಬೇಕು?" ಅಂದ.

"ನೆನೆಸಬಾರದು. ಒಂದು ಸಲ ಮುಳುಗಿಸಿ, ಎತ್ತಿ, ಕೊಡವು."

"ಕಾಗದದಲ್ಲಿ ಹಾಗಿಲ್ಲ."

"ಕಾಗದ ಆ ದಿನ ಅಲ್ಲಿರಲಿಲ್ಲ. ನಾನಿದ್ದೆ."

ಆ ದಿನ ಮೊದಲ ಐದು ಸಾಲಿಗೆ ಬರೀ ತುಂತುರು. ನನ್ನ ಬೆರಳ ತುದಿ ಮಾತ್ರ ಕೆಂಪಾಗಿತ್ತು, ಹಗ್ಗವೂ ಸ್ವಲ್ಪವೇ ಗಿಡ್ಡ ಆಗಿತ್ತು. ಆರನೇ ಸಾಲಿಗೆ ಸುರಿಯಿತು, ಆಗ ಅಂಗೈ ಪೂರ್ತಿ ಆಯಿತು. ಇವರು ಇದನ್ನು ಇಂಜಿನಿಯರಿಗೆ ಹೇಳಿದ್ದರು. ಆ ಸಾಲುಗಳ ಮೇಲೆ ಹೆಚ್ಚಿನದು ಪಾರ್ಕು. ಉಳಿದ ಒಂದೇ ಸೈಟು ಖಾಲಿ ಇತ್ತು. ಆಮೇಲೆ ನೋಡೋಣ ಅಂತ ಇಂಜಿನಿಯರ್ ಬರೆದುಕೊಳ್ಳಲಿಲ್ಲ. ಆಮೇಲೆ ಅನ್ನುವುದು ಈಗ ಬಂತು. ಗುಂಡಿ ಸಿಗದಿದ್ದರೆ ನರ್ಸಮ್ಮನ ಗೋಡೆ ಒಡೆಯುತ್ತದೆ. ಎಂಬತ್ತಾರು ಮನೆ ಉಳಿಸಿದವರ ಹೆಸರಿಗೆ ಎಂಬತ್ತೇಳನೆಯದು ಅಂಟಿಕೊಳ್ಳುತ್ತದೆ. ಮಾತಾಡಲು ಅವರಿಲ್ಲ.

ನಾನು ನಡೆದೆ. ಅರ್ಧ ದಾರಿಯಲ್ಲಿ ಅಭ್ಯಾಸಕ್ಕೆ ಹಿಂದೆ ತಿರುಗಿ ನೋಡಿದೆ. ಬಿಗಿಯಾಯಿತು ಅಂದರೆ ಇವರು ಕೈ ಎತ್ತುತ್ತಿದ್ದರು. ಅಲ್ಲಿ ಟೀಚರಮ್ಮ ಕೂತಿದ್ದರು, ಛತ್ರಿ ಹಿಡಿದುಕೊಂಡು. ಕಣ್ಣು ಮಂಜಾಯಿತು. ಹಗ್ಗ ಸಡಿಲ ಬಿಡಲಿಲ್ಲ.

ಎಂಟನೇ ಗಂಟು. "ಇಲ್ಲಿ," ಅಂದೆ.

ಗಾರೆ ಮೇಸ್ತ್ರಿ ಅಗೆದಿದ್ದ ಗುಂಡಿಯಿಂದ ಅದು ನಾಲ್ಕಡಿ ಆಚೆ ಇತ್ತು. ಅವನು ಅನುಮಾನದಲ್ಲೇ ಪಿಕಾಸಿ ಹಾಕಿಸಿದ. ಒಂದಡಿ. ಎರಡಡಿ. ಅಗೆಯುವವನು ಸದ್ದಿಗೆ ಕಾದು, ಸದ್ದು ಬಾರದೆ ನನ್ನ ಮುಖ ನೋಡಿದ. ಮೂರನೇ ಅಡಿಗೆ ಕಪ್ಪು ಮಣ್ಣು ಬಂತು. ಬೇರುಗಳೆಲ್ಲ ಕೊಳೆತು ಮಣ್ಣಾಗಿದ್ದವು. ಎತ್ತಿ ಮೂಸಿದೆ. ಕಿತ್ತಳೆಯ ವಾಸನೆ ಇರಲಿಲ್ಲ. ಇಪ್ಪತ್ತು ವರ್ಷ ಆಯಿತಲ್ಲ. ಮಣ್ಣಿನ ವಾಸನೆ ಇತ್ತು, ಒಳ್ಳೆಯ ಮಣ್ಣಿನದು.

"ಇಲ್ಲಿ ಸಂಪು ಮಾಡಿ," ಅಂದೆ ನರ್ಸಮ್ಮನಿಗೆ. "ಅರ್ಧ ಕೆಲಸ ಅವರು ಮಾಡಿಟ್ಟಿದ್ದಾರೆ."

ಹಗ್ಗವನ್ನು ಮನೆಗೆ ತಂದು ನೆರಳಿನಲ್ಲಿ ಹರವಿದೆ. ಬಿಸಿಲಿಗೆ ಹಾಕಿದರೆ ನಾರು ಮುರಿಯುತ್ತದೆ ಅಂತ ಬೈಯುತ್ತಿದ್ದರು. ಸಂಜೆ ಬಸ್ಸು ಬಂದು ನಿಂತಿತು. ಮಗಳು ಸ್ಟಾಪಿನ ಹೆಸರು ಕೂಗಿದ್ದು ಅಂಗಳಕ್ಕೆ ಕೇಳಿಸಿತು. ಕೈ ನೋಡಿಕೊಂಡೆ. ಬೆರಳ ತುದಿ ಮಾತ್ರ ಕೆಂಪು.